ಮಡಿಕೇರಿಯ ಕಲಾ-ಸಂಸ್ಕೃತಿ ಯೋಜನೆ: ಸಭಾಂಗಣ ಮೊದಲೋ, ಪಟ್ಟಿ ಮೊದಲೋ?

ಮಂಜಿನೂರು:
ನಗರಸಭೆಯ ಬಜೆಟ್ ಪೂರ್ವಭಾವಿ ಸಭೆ ಹತ್ತಿರ ಬಂದಾಗಲೆಲ್ಲ ಕಲೆ-ಸಂಸ್ಕೃತಿಯ ಹೆಸರಲ್ಲಿ ಎರಡೇ ಬೇಡಿಕೆ ಕೇಳಿಬರುತ್ತವೆ. ಒಂದು, ದಸರಾಕ್ಕೆ ಹೆಚ್ಚು ಹಣ. ಇನ್ನೊಂದು, ಸಾವಿರ ಆಸನದ ಸುಸಜ್ಜಿತ ಸಭಾಂಗಣ. ಎರಡೂ ತಪ್ಪಲ್ಲ, ಆದರೆ ಇವೆರಡನ್ನು ಕೂಡಿಸಿದರೆ ಯೋಜನೆ ಆಗುವುದಿಲ್ಲ.

ಕಾನೂನಿನ ನೆಲೆ ಗಟ್ಟಿಯಾಗಿಯೇ ಇದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳಿವೆ. 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳಿಗೆ ಉತ್ತೇಜನ. ತೊಡಕೇನೆಂದರೆ, ಆ ಸಾಲು ಕೆಲಸವನ್ನು ಹೇಳುತ್ತದೆ, ಹಣವನ್ನು ಹೇಳುವುದಿಲ್ಲ. ಚರಂಡಿ, ಬೀದಿದೀಪ, ಕಸ ಇವಕ್ಕೆ ಬಜೆಟ್‌ನಲ್ಲಿ ಖಾಯಂ ಶೀರ್ಷಿಕೆ ಇರುತ್ತದೆ. ಸಂಸ್ಕೃತಿಗೆ ಬಂದಾಗ ‘ಇತರೆ ವೆಚ್ಚ’.

2011ರ ಜನಗಣತಿ ಪ್ರಕಾರ ಊರಿನ ಜನಸಂಖ್ಯೆ 33,381. ನಗರಸಭೆಗೆ 23 ವಾರ್ಡ್. ಈ ಗಾತ್ರದ ಊರು ಹತ್ತು ವರ್ಷಕ್ಕೆ ಸಾಂಸ್ಕೃತಿಕ ಯೋಜನೆ ಮಾಡಬೇಕಾದರೆ ಮೊದಲ ಹೆಜ್ಜೆ ಯಾವುದು? ಲೆಕ್ಕ ಸಮೇತ ಬರೆಯಿರಿ. ‘ಸಂಸ್ಕೃತಿ ಉಳಿಯಬೇಕು’ ಎಂಬ ಭಾಷಣ ಬೇಡ.

ರಂಗಪರದೆ:
ಮೊದಲ ಹೆಜ್ಜೆ ಸಾವಿರ ಆಸನವನ್ನು ಮರೆಯುವುದು.

ಸಾವಿರ ಜನ ಕೂರುವ ಹಾಲ್, ವೇದಿಕೆ, ಪಕ್ಕದ ರೆಕ್ಕೆಗಳು, ಗ್ರೀನ್ ರೂಂ, ಮೊಗಸಾಲೆ, ಶೌಚಾಲಯ ಎಲ್ಲ ಸೇರಿದರೆ 2,500ರಿಂದ 3,000 ಚದರ ಮೀಟರ್ ಕಟ್ಟಡ. 20 ಆಸನಕ್ಕೆ ಒಂದು ಕಾರು ಎಂದು ಹಿಡಿದರೂ 50 ಕಾರು. ಓಡಾಟದ ಜಾಗ ಸೇರಿ ಕಾರಿಗೆ 25 ಚದರ ಮೀಟರ್, ಅಂದರೆ ಮತ್ತೆ 1,250. ಒಟ್ಟು ಸುಮಾರು ಒಂದು ಎಕರೆ ಸಮತಟ್ಟು ನೆಲ. ಮಡಿಕೇರಿಯಲ್ಲಿ ಒಂದು ಎಕರೆ ಸಮತಟ್ಟು ನೆಲ ಸಿಗುವುದಿಲ್ಲ, ಅದನ್ನು ಗುಡ್ಡದ ಬರೆ ಕಡಿದು ‘ಮಾಡಬೇಕು’. ಹಾಗೆ ಕಡಿದ ಇಳಿಜಾರು ಏನಾಗುತ್ತದೆ ಎಂದು 2018ರ ಆಗಸ್ಟ್‌ನ ಭೂಕುಸಿತದಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರದ ಕಡೆ ನೋಡಿದ್ದೇವೆ. ತಡೆಗೋಡೆ, ನೀರು ಹೊರಹೋಗುವ ರಂಧ್ರ, ಮೇಲಿನ ಚರಂಡಿ ಇವಕ್ಕೇ ಅಂದಾಜಿನ ದೊಡ್ಡ ಪಾಲು ಹೋಗುತ್ತದೆ; ಕೊನೆಗೆ ಕಡಿತ ಬೀಳುವುದು ಧ್ವನಿ-ಬೆಳಕಿನ ಮೇಲೆ.

ನಾಟಕಕ್ಕೆ 300-350 ಆಸನ ಸಾಕು. ಹಿಂದಿನ ಸಾಲು ವೇದಿಕೆಯಿಂದ 18-20 ಮೀಟರ್ ಒಳಗಿದ್ದರೆ ನಟನ ಮುಖ ಕಾಣುತ್ತದೆ, ಮೈಕ್ ಇಲ್ಲದೆ ಮಾತು ಕೇಳುತ್ತದೆ. ಸಾವಿರ ಆಸನದ ಹಾಲ್‌ನಲ್ಲಿ 120 ಜನ ಕೂತು ನಾಟಕ ನೋಡುವಾಗ ಆಡುವವರಿಗೂ ನೋಡುವವರಿಗೂ ಚಳಿ.

ಗದ್ದುಗೆ ಬೀದಿ:
ಒಪ್ಪಲಾರೆ. ಶಾಲಾ ವಾರ್ಷಿಕೋತ್ಸವ, ಸಾಹಿತ್ಯ ಸಮ್ಮೇಳನ, ದೊಡ್ಡ ಸಂಗೀತ ಕಛೇರಿ ಎಲ್ಲಿ ಮಾಡುವುದು? ದಸರಾದಲ್ಲಿ ಗಾಂಧಿ ಮೈದಾನಕ್ಕೆ ಬರುವ ಜನ ನೋಡಿದ್ದೀರಲ್ಲ. ಮಳೆ ಬಂದರೆ ಎಲ್ಲರೂ ಕೊಡೆ ಹಿಡಿದು ನಿಲ್ಲುತ್ತಾರೆ. ಸಣ್ಣ ಊರು ಅಂತ ಸಣ್ಣದೇ ಕೇಳುತ್ತಾ ಹೋದರೆ ದೊಡ್ಡ ಕಲಾವಿದರು ಮೈಸೂರಿಗೆ ಬಂದು ಹಿಂದಿರುಗುತ್ತಾರೆ, ಘಟ್ಟ ಹತ್ತುವುದಿಲ್ಲ.

ರಂಗಪರದೆ:
ವರ್ಷಕ್ಕೆ ಸಾವಿರ ಜನ ಸೇರುವ ಒಳಾಂಗಣ ಕಾರ್ಯಕ್ರಮ ಎಷ್ಟು? ಪಟ್ಟಿ ಕೊಡಿ. ಹದಿನೈದು ದಾಟಿದರೆ ನಾನೂ ನಿಮ್ಮ ಕಡೆ. ಅಷ್ಟಿಲ್ಲದಿದ್ದರೆ ಬಾಡಿಗೆ ಪೆಂಡಾಲ್ ಅಗ್ಗ.

ಪುತ್ತರಿ ಕೋಲ್:
ಪಟ್ಟಿ ಎಂದಿರಿ, ಕೆಲಸ ಅಲ್ಲಿಂದಲೇ ಶುರುವಾಗಬೇಕು. ಹೊರಗಿನ ಸಲಹಾ ಸಂಸ್ಥೆ ಬೇಕಿಲ್ಲ. ವಾರ್ಡಿಗೆ ಇಬ್ಬರಂತೆ 46 ಜನ, ಒಂದು ನಮೂನೆ, ಎರಡು ತಿಂಗಳು. ನಮೂನೆಯಲ್ಲಿ ಐದು ಭಾಗ ಇರಲಿ.

ಜಾಗ: ಹಾಲ್, ಶಾಲೆಯ ಜಗಲಿ, ದೇವಸ್ಥಾನದ ಅಂಗಳ, ಚರ್ಚ್ ಹಾಲ್, ಮದರಸಾ, ಸಮಾಜಗಳ ಕಟ್ಟಡ, ಮೈದಾನ. ಪ್ರತಿಯೊಂದಕ್ಕೂ ಅಳತೆ, ಬೀಗದ ಕೈ ಯಾರಲ್ಲಿ, ದಿನದ ಬಾಡಿಗೆ, ಮೂರು ಫೇಸ್ ವಿದ್ಯುತ್ ಇದೆಯೇ, ಹೆಂಗಸರ ಶೌಚಾಲಯ ಇದೆಯೇ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ. ಕೊನೆಯ ಮೂರು ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವೇ ಹೆಚ್ಚು ಬರುತ್ತದೆ. ಹೊಸ ಕಟ್ಟಡಕ್ಕಿಂತ ನೂರು ಪಾಲು ಕಡಿಮೆ ಖರ್ಚಲ್ಲಿ ಸರಿಪಡಿಸಬಹುದಾದದ್ದೂ ಅವೇ.

ಜನ: ಹಾಡುವವರು, ಕುಣಿಯುವವರು ಮಾತ್ರವಲ್ಲ. ವಾಲಗದವರು, ದುಡಿ ಎಂಬ ಕೈವಾದ್ಯಕ್ಕೆ ಚರ್ಮ ಬಿಗಿಯುವವರು, ದಸರಾ ಮಂಟಪದ ಮೂರ್ತಿ ಮಾಡುವವರು, ವೆಲ್ಡರ್, ಮೇಕಪ್ ಮಾಡುವವರು, ಧ್ವನಿವರ್ಧಕದವರು. ಪಟ್ಟಿಯಲ್ಲಿ ಇವರು ಬಿಟ್ಟುಹೋಗುವುದು ರೂಢಿ. ಬಿಟ್ಟರೆ ಹತ್ತು ವರ್ಷದಲ್ಲಿ ದುಡಿ ಇರುತ್ತದೆ, ಬಿಗಿಯುವವರು ಇರುವುದಿಲ್ಲ.

ಭಾಷೆ: ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳಂ, ತಮಿಳು, ಬ್ಯಾರಿ, ಕೊಂಕಣಿ, ಯರವ, ಕುರುಬ ನುಡಿಗಳು. ಒಂದೇ ಬೀದಿಯಲ್ಲಿ ನಾಲ್ಕು ಇರುತ್ತವೆ. 2011ರ ಜನಗಣತಿಯಲ್ಲಿ ಕೊಡವ ತಾಯ್ನುಡಿ ಎಂದು ಬರೆಸಿದವರು ದೇಶದಲ್ಲೇ 1,13,857. ಕೊಡವಕ್ಕೂ ಅರೆಭಾಷೆಗೂ ಸರ್ಕಾರಿ ಅಕಾಡೆಮಿಗಳಿವೆ. ಉಳಿದವಕ್ಕೆ ಊರಿನ ಯೋಜನೆಯಲ್ಲೇ ಜಾಗ ಮಾಡಬೇಕು.

ನಾಲ್ಕನೆಯದು ದಾಖಲೆ: ಮನೆಮನೆಯಲ್ಲಿರುವ ಫೋಟೊ, ಕ್ಯಾಸೆಟ್, ಹಳೆಯ ಕರಪತ್ರ. ಐದನೆಯದು ಕ್ಯಾಲೆಂಡರ್, ಅದು ಎಲ್ಲಕ್ಕಿಂತ ಮುಖ್ಯ.

ಕಕ್ಕಡ ಮಳೆ:
ಕ್ಯಾಲೆಂಡರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೆಪ್ಟೆಂಬರ್ ಮೊದಲ ವಾರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್. ಆಮೇಲೆ ದಸರಾ, ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿ ತುಲಾ ಸಂಕ್ರಮಣ. ನವೆಂಬರ್-ಡಿಸೆಂಬರ್‌ನಲ್ಲಿ ಸುಗ್ಗಿ ಹಬ್ಬ ಪುತ್ತರಿ. ಅಷ್ಟರಲ್ಲಿ ಅರೇಬಿಕಾ ಕಾಫಿ ಕೊಯ್ಲು, ಅದು ಮುಗಿಯುವಾಗ ರೊಬಸ್ಟಾ. ಫೆಬ್ರವರಿ ತನಕ ತೋಟದವರಿಗೂ ಕಾರ್ಮಿಕರಿಗೂ ಸಂಜೆ ಎಂಬುದೇ ಇಲ್ಲ. ಮಾರ್ಚ್‌ನಿಂದ ಊರೂರಿನ ದೇವರ ಹಬ್ಬ, ದೈವದ ವೇಷ ಕಟ್ಟಿ ಕುಣಿಯುವ ತೆರೆ. ಏಪ್ರಿಲ್-ಮೇನಲ್ಲಿ 1997ರಲ್ಲಿ ಕರಡದಲ್ಲಿ ಶುರುವಾದ, ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ. ಮೇ ಕೊನೆಗೆ ದೇವರಪುರದ ಕುಂಡೆ ಹಬ್ಬ. ಆಮೇಲೆ ಜೂನ್, ಜುಲೈ, ಆಗಸ್ಟ್: ಖಾಲಿ.

ಆ ಮೂರು ತಿಂಗಳಲ್ಲಿ ಜನ ಊರಲ್ಲೇ ಇರುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ, ತೋಟದ ಕೆಲಸ ತಗ್ಗಿರುತ್ತದೆ. ನಾಟಕ, ಸಂಗೀತಾಭ್ಯಾಸ, ಸಿನಿಮಾ ಕೂಟ, ಓದು, ಎಲ್ಲಕ್ಕೂ ಹದವಾದ ಕಾಲ. ಆದರೂ ಏನೂ ನಡೆಯುವುದಿಲ್ಲ, ಏಕೆಂದರೆ ನಮ್ಮ ಹೆಚ್ಚಿನ ಹಾಲ್‌ಗಳ ಮೇಲೆ ಇರುವುದು ತಗಡು. ಜೋರು ಮಳೆ ತಗಡಿಗೆ ಬಡಿದರೆ ಒಳಗೆ 70 ಡೆಸಿಬಲ್ ಮೇಲೆ ಸದ್ದು. ಮಾತಾಡುವ ದನಿ 60ರ ಆಸುಪಾಸು. ಮೈಕ್ ಏರಿಸಿದರೆ ಗೋಡೆಗೆ ಬಡಿದು ಇನ್ನಷ್ಟು ಗೊಂದಲ.

ಆದ್ದರಿಂದ ಮಡಿಕೇರಿಗೆ ಬೇಕಿರುವುದು ದೊಡ್ಡ ಹಾಲ್ ಅಲ್ಲ, ಮಳೆಯಲ್ಲಿ ಸದ್ದು ಮಾಡದ ಹಾಲ್.

ರಂಗಪರದೆ:
ಸರಿಯಾಗಿ ಹಿಡಿದಿರಿ. ಇರುವ ತಗಡಿನ ಹಾಲನ್ನೇ ಸುಧಾರಿಸುವ ಕ್ರಮ ಹೀಗೆ. ತಗಡಿನ ಅಡಿಗೆ ಅಂಟಿಕೊಂಡಂತೆ 50 ಮಿ.ಮೀ. ರಾಕ್‌ವುಲ್ (ಕಲ್ಲುನಾರಿನ ಹಾಸು), ಅದು ನೀರು ಕುಡಿಯದಂತೆ ಹಾಳೆ. ಕೆಳಗೆ ಕನಿಷ್ಠ 200 ಮಿ.ಮೀ. ಖಾಲಿ ಗಾಳಿ. ಅದರ ಕೆಳಗೆ 12 ಮಿ.ಮೀ. ಸಿಮೆಂಟ್ ಫೈಬರ್ ಅಥವಾ ಜಿಪ್ಸಂ ಹಲಗೆಯ ಎರಡು ಪದರ, ಸಂದುಗಳು ಒಂದರ ಮೇಲೊಂದು ಬೀಳದ ಹಾಗೆ. ಛಾವಣಿಯ ಉಕ್ಕಿಗೆ ಹಲಗೆಯನ್ನು ನೇರ ಬಿಗಿಯಬೇಡಿ, ರಬ್ಬರ್ ಹ್ಯಾಂಗರ್ ಹಾಕಿ. ಇಲ್ಲದಿದ್ದರೆ ಸದ್ದು ಕಂಬಿಯ ಮೂಲಕವೇ ಇಳಿಯುತ್ತದೆ. ನಮ್ಮ ಕಡೆ ಆಗುವ ತಪ್ಪು ಥರ್ಮೋಕೋಲ್ ಚೌಕ ಅಂಟಿಸುವುದು. ಅದಕ್ಕೆ ತೂಕವಿಲ್ಲ, ಸದ್ದು ತಡೆಯುವುದಿಲ್ಲ, ಎರಡು ಮಳೆಗಾಲಕ್ಕೆ ಬೂಷ್ಟು. ಬೆಂಕಿಗೂ ಅಪಾಯ.

ಕೆಲಸ ಶುರು ಮಾಡುವ ಮುನ್ನ ಎಂಜಿನಿಯರ್ ಹತ್ತಿರ ಛಾವಣಿ ಹೊರುವ ಟ್ರಸ್‌ನ ಬಲ ಲೆಕ್ಕ ಹಾಕಿಸಿ. ಎರಡು ಪದರ ಜಿಪ್ಸಂ ಹಲಗೆ, ಕಂಬಿ, ರಾಕ್‌ವುಲ್ ಸೇರಿ ಚದರ ಮೀಟರಿಗೆ 25-30 ಕಿಲೊ ಹೆಚ್ಚುತ್ತದೆ; ಸಿಮೆಂಟ್ ಫೈಬರ್ ಆದರೆ ಇನ್ನೂ ಹೆಚ್ಚು.

ವೇದಿಕೆ: 36 ಅಡಿ ಅಗಲ, 28 ಅಡಿ ಆಳ, ಎರಡೂ ಬದಿ ತಲಾ 10 ಅಡಿ ರೆಕ್ಕೆ. ನೆಲಕ್ಕೆ ಗ್ರಾನೈಟ್ ಬೇಡವೇ ಬೇಡ. ಹೊಳೆಯುತ್ತದೆ ಎಂದು ಹಾಕಿಸುತ್ತಾರೆ. ಮಳೆಗಾಲದ ತೇವಕ್ಕೆ ಬೆವರಿ ಜಾರುತ್ತದೆ, ಕುಣಿಯುವವರ ಮೊಣಕಾಲು ಹೋಗುತ್ತದೆ. ಅಡ್ಡತೊಲೆಗಳ (ಜೋಯಿಸ್ಟ್) ಮೇಲೆ ಮರದ ಹಲಗೆ, ಕೆಳಗೆ ಗಾಳಿಯಾಡಲು ಜಾಗ. ಸಾಮಾನು ಒಳತರುವ ಬಾಗಿಲು 8 ಅಡಿ ಅಗಲ, 10 ಅಡಿ ಎತ್ತರ. ಇದನ್ನು ಮರೆತ ಹಾಲ್‌ಗಳಲ್ಲಿ ರಂಗಸಜ್ಜಿಕೆಯನ್ನು ಕಿಟಕಿಯಲ್ಲಿ ತೂರಿಸುತ್ತಾರೆ.

ಮಿಕ್ಸರ್, ಮೈಕ್, ಲೈಟ್ ಡಿಮ್ಮರ್ ಇಡುವ ಕೋಣೆಗೆ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಕಡ್ಡಾಯ, ತೇವಾಂಶ ಶೇ. 55 ದಾಟಬಾರದು. ಜನರೇಟರೂ ಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವುದು ಆಕಸ್ಮಿಕವಲ್ಲ, ದಿನಚರಿ.

ಪುತ್ತರಿ ಕೋಲ್:
ವೇದಿಕೆಯ ಅಳತೆ ನಾಟಕಕ್ಕೆ ಸರಿ. ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟಿಗೆ ಸರಿಯಲ್ಲ. ಅದು ನಡುವೆ ದೀಪ, ಸುತ್ತ ವೃತ್ತ, ಕೈಯಲ್ಲಿ ತಾಳ. ಬೊಳಕಾಟ್, ಪುತ್ತರಿ ಕೋಲಾಟವೂ ಸುತ್ತಿನ ಆಟಗಳೇ. ಮೂರು ಕಡೆ ಮುಚ್ಚಿದ ವೇದಿಕೆಗೆ ಏರಿಸಿದಾಗ ವೃತ್ತವನ್ನು ಅರ್ಧಚಂದ್ರ ಮಾಡುತ್ತಾರೆ, ಪ್ರೇಕ್ಷಕರಿಗೆ ಬೆನ್ನು ತೋರಿಸಬಾರದಂತೆ! ಹಾಲ್ ಕಟ್ಟುವುದಾದರೆ ಮುಂದಿನ ಕುರ್ಚಿಗಳು ಕಳಚುವಂತಿರಲಿ, 40 ಅಡಿ ಚೌಕ ನೆಲ ತೆರೆದುಕೊಳ್ಳಲಿ, ಜನ ನಾಲ್ಕೂ ಕಡೆ ಕೂರಲಿ.

ಇದಕ್ಕಿಂತ ದೊಡ್ಡ ವಿಷಯ ಮಂದ್. ಊರ ಮಂದ್, ನಾಡ್ ಮಂದ್ ಎಂದು ಕೋಲಾಟಕ್ಕೆ ತಲೆಮಾರುಗಳಿಂದ ಬಳಸುವ ಹಸಿರು ಬಯಲು. ಕೊಡಗಿನ ನಿಜವಾದ ರಂಗಮಂದಿರ ಅದು, ನಿರ್ವಹಣೆಗೆ ಪೈಸೆ ಬೇಡ. ಆದರೆ ಎಷ್ಟೋ ಕಡೆ ಕಂದಾಯ ದಾಖಲೆಯಲ್ಲಿ ಬರೀ ‘ಪೈಸಾರಿ’. ಪೈಸಾರಿ ಎಂದ ಮೇಲೆ ಅದು ಖಾಲಿ ಸರ್ಕಾರಿ ಜಾಗ. ನಾಳೆ ನೀರಿನ ಟ್ಯಾಂಕೋ ಕಸ ವಿಲೇವಾರಿ ಘಟಕವೋ ಬಂದರೆ ಆಕ್ಷೇಪಿಸಲು ಕಾಗದ ಇರುವುದಿಲ್ಲ. ಮಾಡಬೇಕಾದದ್ದು ಮೂರು ಕೆಲಸ: ಸರ್ವೆ ಮಾಡಿಸಿ ಗಡಿಕಲ್ಲು ಹಾಕುವುದು, ತಹಶೀಲ್ದಾರ್ ಮೂಲಕ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿ, ಪಹಣಿಯಲ್ಲಿ ‘ಮಂದ್’ ಎಂದೇ ನಮೂದಿಸುವುದು, ಪಟ್ಟಣದ ಯೋಜನಾ ಪ್ರದೇಶದೊಳಗಿದ್ದರೆ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಬಣ್ಣ ಹಾಕಿಸುವುದು. ಮಂದ್‌ಗೆ ಇಂಟರ್‌ಲಾಕ್ ಕಲ್ಲು, ಗ್ಯಾಲರಿ, ಕಮಾನು ಏನೂ ಬೇಡ. ‘ಅಭಿವೃದ್ಧಿ’ ಆದ ಮಂದ್‌ನಲ್ಲಿ ಬರಿಗಾಲಲ್ಲಿ ಕೋಲು ಹೊಡೆಯಲಾಗದು.

ನಕ್ಷೆ ನೋಡುವವ:
ಮಹಾಯೋಜನೆಯ ಮಾತು ಬಂತು. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ತಾತ್ಕಾಲಿಕ ಅನುಮೋದನೆಯ ಪ್ರಕಟಣೆ ಬಂದ ಮೇಲೆ ಆಕ್ಷೇಪಣೆ-ಸಲಹೆಗೆ 60 ದಿನ. ಸಂಸ್ಕೃತಿಯವರು ಈ 60 ದಿನವನ್ನು ಗಮನಿಸುವುದೇ ಇಲ್ಲ. ಅತ್ತ ತಿರುಗಿ ನೋಡುವವರು ನಿವೇಶನದವರು ಮಾತ್ರ. ಸಲಹೆ ಬರೆಯುವಾಗ ಭಾವನೆ ಬೇಡ: ಸರ್ವೆ ನಂಬರ್, ವಿಸ್ತೀರ್ಣ, ಈಗಿನ ಬಳಕೆ, ಕೇಳುವ ವಲಯ, ಜತೆಗೆ ನಕ್ಷೆಯ ತುಣುಕು. ‘ಸಾರ್ವಜನಿಕ ಮತ್ತು ಅರೆಸಾರ್ವಜನಿಕ’ ವಲಯಕ್ಕಿಂತ ಮಂದ್‌ಗೆ ‘ಉದ್ಯಾನ ಮತ್ತು ತೆರೆದ ಜಾಗ’ ಒಳ್ಳೆಯದು. ಮೊದಲನೆಯದರಲ್ಲಿ ನಾಳೆ ಕಚೇರಿ ಕಟ್ಟಬಹುದು.

ಇನ್ನೊಂದು ಎಚ್ಚರ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ನಿರ್ಮಾಣ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ. ಕೋಟೆ, ರಾಜರ ಸಮಾಧಿಗಳಿರುವ ಗದ್ದುಗೆಯಂಥ ಜಾಗಗಳ ಹತ್ತಿರ ಖಾಯಂ ವೇದಿಕೆಯ ಕನಸು ಕಾಣುವ ಮುನ್ನ ಅದು ಯಾವ ಪಟ್ಟಿಯಲ್ಲಿದೆ ಎಂದು ನೋಡಿ ವೃತ್ತ ಎಳೆಯಿರಿ. ಕೋಟೆಯೊಳಗಿನ ಹಳೆಯ ಚರ್ಚ್ ವಸ್ತುಸಂಗ್ರಹಾಲಯವಾಗಿದೆ, 2021ರಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ ಅವರ ಸ್ಮಾರಕ ವಸ್ತುಸಂಗ್ರಹಾಲಯವಾಯಿತು. ಹಳೆಯ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ಈ ಊರಿಗೆ ಒಗ್ಗಿದ ದಾರಿ.

ಮಂಟಪದ ಹಿಂದೆ:
ದಸರಾ ಬಗ್ಗೆ ಯಾರೂ ಬಿಡಿಸಿ ಬರೆಯಲಿಲ್ಲ. ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗ ಪಂಪಿನಕೆರೆಯಿಂದ ಹೊರಡುತ್ತದೆ, ವಿಜಯದಶಮಿ ರಾತ್ರಿ ಬೆಳಕು-ಸದ್ದಿನಲ್ಲಿ ಪುರಾಣದ ಕಥೆ ತೋರಿಸುವ ಹತ್ತು ಮಂಟಪಗಳ ಮೆರವಣಿಗೆ. ಸಮಿತಿಗಳು ತಿಂಗಳುಗಟ್ಟಲೆ ದುಡಿಯುತ್ತವೆ. ಆದರೆ ದುಡಿಯುವುದು ಎಲ್ಲಿ? ಶೆಡ್ ಬಾಡಿಗೆ, ಟಾರ್ಪಲ್ ಅಡಿ, ಸೆಪ್ಟೆಂಬರ್ ಮಳೆಯಲ್ಲಿ. ಪ್ಲಾಸ್ಟರ್ ಒಣಗುವುದಿಲ್ಲ, ಬಣ್ಣ ಹಿಡಿಯುವುದಿಲ್ಲ, ಒದ್ದೆ ನೆಲದಲ್ಲಿ ವೆಲ್ಡಿಂಗ್. ಇದು ವಿದ್ಯುತ್ ಅವಘಡಕ್ಕೆ ಆಹ್ವಾನ.

ನಗರಸಭೆ ಒಂದು ಸಾಮಾನ್ಯ ಕಾರ್ಯಾಗಾರ ಕೊಡಲಿ. 60 ಅಡಿ ಉದ್ದ, 40 ಅಡಿ ಅಗಲ, ಟ್ರ್ಯಾಕ್ಟರ್ ಟ್ರೇಲರ್ ಒಳಬರುವಂತೆ 18 ಅಡಿ ಎತ್ತರದ ಬಾಗಿಲು, ಕಾಂಕ್ರೀಟ್ ನೆಲ, ಸರಿಯಾದ ಅರ್ಥಿಂಗ್, ಪ್ರತಿ ಪಾಯಿಂಟಿಗೆ ಸೋರಿಕೆ ತಡೆವ ಬ್ರೇಕರ್, ಬೆಂಕಿ ಆರಿಸುವ ಸಿಲಿಂಡರ್. ಹತ್ತೂ ಮಂಟಪ ಒಂದೇ ಬಾರಿಗೆ ಹಿಡಿಸದು, ಸರದಿ ಹಾಕಬೇಕು. ಗುಟ್ಟು ಬಿಟ್ಟುಕೊಡದ ಸಮಿತಿಗಳು ಸರದಿಗೆ ಒಪ್ಪುವುದು ಕಷ್ಟ, ಗೊತ್ತು. ನಡುವೆ ಪರದೆ ಗೋಡೆ ಹಾಕಿ. ಉಳಿದ ಒಂಬತ್ತು ತಿಂಗಳು ಅದೇ ಶೆಡ್ ರಂಗಸಜ್ಜಿಕೆ, ಶಿಲ್ಪ, ಮರಗೆಲಸದ ತರಬೇತಿಗೆ.

ಇನ್ನು ಸದ್ದು. ಶಬ್ದಮಾಲಿನ್ಯ ನಿಯಮ, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ 12ರ ತನಕ ಮಾತ್ರ ಸಡಿಲಿಸಬಹುದು. ಮಂಟಪದ ಕಥೆ ಬೆಳಗಿನ ಜಾವದ ತನಕ ಓಡುತ್ತದೆ. ಈ ಎರಡನ್ನೂ ಪ್ರತಿ ವರ್ಷ ಕಣ್ಣುಮುಚ್ಚಿ ದಾಟುವುದರ ಬದಲು ಮಂಟಪ ಸ್ಪರ್ಧೆಯ ತೀರ್ಪಿನ ನಿಯಮದಲ್ಲೇ ಸದ್ದಿಗೆ ಅಂಕ ಕಡಿತ ಇಡಿ, ಪ್ರದರ್ಶನವನ್ನು ಸಂಜೆ 6ಕ್ಕೆ ಎಳೆಯಿರಿ. ಹೊತ್ತು ಏರುವುದಕ್ಕೆ ಮುಖ್ಯ ಕಾರಣ ಮೊದಲ ಮಂಟಪ ತಡವಾಗಿ ಹೊರಡುವುದು.

ಗದ್ದುಗೆ ಬೀದಿ:
ಸಂಜೆ 6ಕ್ಕೆ ಹೊರಟರೆ ಬೆಳಕಿನ ಆಟ ಎಲ್ಲಿ ಕಾಣುತ್ತದೆ ಸ್ವಾಮಿ? ರಾತ್ರಿಯೇ ಅದರ ಜೀವ. ಕಾರ್ಯಾಗಾರಕ್ಕೆ ಮಾತ್ರ ಪೂರ್ಣ ಬೆಂಬಲ.

ಮಂಟಪದ ಹಿಂದೆ:
ಅಕ್ಟೋಬರ್‌ನಲ್ಲಿ ಆರೂವರೆಗೆ ಕತ್ತಲೆ. ಸಾಕಾಗುತ್ತದೆ.

ಲೆಕ್ಕಪತ್ರ:
ಕಟ್ಟುವುದನ್ನೇ ಮಾತಾಡುತ್ತಿದ್ದೀರಿ. ಕಟ್ಟಿದ ಮೇಲಿನ ಲೆಕ್ಕ ನೋಡಿ. ಇದು ಉದಾಹರಣೆಗೆ ಹಾಕಿದ ಅಂದಾಜು, 350 ಆಸನದ ಹಾಲ್‌ಗೆ. ಇಬ್ಬರು ತಂತ್ರಜ್ಞರು, ತಿಂಗಳಿಗೆ ತಲಾ 20,000: ವರ್ಷಕ್ಕೆ 4.8 ಲಕ್ಷ. ಕಾವಲು-ಸ್ವಚ್ಛತೆಗೆ ಇಬ್ಬರು, ತಲಾ 15,000: 3.6 ಲಕ್ಷ. ವಿದ್ಯುತ್-ಡೀಸೆಲ್ 1.2 ಲಕ್ಷ. ದುರಸ್ತಿ, ಬಣ್ಣ, ಸೋರಿಕೆ 2.4 ಲಕ್ಷ. ಒಟ್ಟು 12 ಲಕ್ಷ. ವರ್ಷದಲ್ಲಿ 100 ದಿನ ಬಳಸಿದರೆ ದಿನಕ್ಕೆ 12,000. ಹವ್ಯಾಸಿ ತಂಡ ಕೊಡಬಲ್ಲದ್ದು ಮೂರೂವರೆ ಸಾವಿರ. ಉಳಿದ ಎಂಟೂವರೆ ಲಕ್ಷ ಎಲ್ಲಿಂದ?

ಅದನ್ನು ಮೊದಲೇ ಬರೆದಿಡದಿದ್ದರೆ ಆಗುವುದು ಎಲ್ಲ ಊರಲ್ಲೂ ಒಂದೇ: ಎರಡನೇ ವರ್ಷಕ್ಕೆ ಮದುವೆಗೆ ಬಾಡಿಗೆ, ಮೂರನೇ ವರ್ಷಕ್ಕೆ ವೇದಿಕೆಯ ಮೇಲೆ ಅಡುಗೆ ಪಾತ್ರೆ, ಐದನೇ ವರ್ಷಕ್ಕೆ ಲೈಟ್ ಒಂದೂ ಉರಿಯುವುದಿಲ್ಲ. ಕಟ್ಟಡಕ್ಕೆ ಅನುದಾನ ಬರುತ್ತದೆ, ಬಲ್ಬಿಗೆ ಬರುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾ 1959ರಲ್ಲೇ ನಿರ್ಮಾಣ ವೆಚ್ಚದ ಶೇ. 1 ಕಲೆಗೆ ಎಂಬ ನಿಯಮ ತಂದಿತ್ತು. ನಮ್ಮಲ್ಲಿ ಅದಕ್ಕೆ ಹತ್ತಿರದ ಮಾದರಿ ಕಣ್ಣಮುಂದೇ ಇದೆ: 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ. ಹೊಸ ಕರ ಹಾಕಲು ನಗರಸಭೆಗೆ ಸುಲಭದ ದಾರಿಯಿಲ್ಲ. ಆದರೆ ಜಾಹೀರಾತು ಫಲಕದ ಶುಲ್ಕ, ಮೈದಾನದ ಬಾಡಿಗೆ ಇವನ್ನು ಠರಾವಿನ ಮೂಲಕ ಸಾಂಸ್ಕೃತಿಕ ನಿರ್ವಹಣಾ ನಿಧಿಗೆ ಎತ್ತಿಡಬಹುದು. ಪ್ರತ್ಯೇಕ ಬ್ಯಾಂಕ್ ಖಾತೆ, ವರ್ಷಕ್ಕೊಮ್ಮೆ ಫಲಕದಲ್ಲಿ ಲೆಕ್ಕ.

ಕಲಾವಿದರ ಗೌರವಧನವೂ ಯೋಜನೆಯ ಭಾಗ. ಹಾರ, ಶಾಲು, ಫಲಕ, ಹಣ್ಣಿನ ಬುಟ್ಟಿಗೆ ಒಬ್ಬರ ಮೇಲೆ ಸಾವಿರ ರೂಪಾಯಿ ಸುಡುತ್ತಾರೆ, ಬಸ್ ಚಾರ್ಜಿಗೆ ‘ಆಮೇಲೆ ಕೊಡುತ್ತೇವೆ’. ಹದಿನೈದು ದಿನದೊಳಗೆ ಖಾತೆಗೆ ಹಣ ಎಂಬ ಒಂದು ಸಾಲು ಕರಾರಿನಲ್ಲಿರಲಿ.

ಕಕ್ಕಡ ಮಳೆ:
ದಾಖಲೆ ಬಗ್ಗೆ ಎರಡು ಮಾತು. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಪ್ರಕಟಿಸದಿದ್ದರೆ ಎಷ್ಟೋ ಹಾಡು ಇಂದು ಇರುತ್ತಿರಲಿಲ್ಲ. ಅದು ಅಕ್ಷರದಲ್ಲಿ, ಈಗ ದನಿಯಲ್ಲಿ ಬೇಕು. 48 ಕಿಲೊಹರ್ಟ್ಸ್, 24 ಬಿಟ್, ಡಬ್ಲ್ಯೂಎವಿ ಕಡತ: ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1 ಜಿಬಿ. ಮೊಬೈಲ್‌ನಲ್ಲಿ ವಾಟ್ಸ್‌ಆ್ಯಪ್ ಮೂಲಕ ಹಂಚಿದ್ದು ದಾಖಲೆಯಲ್ಲ. ಮೂರು ಪ್ರತಿ, ಒಂದು ಪ್ರತಿ ಮಡಿಕೇರಿಯ ಹೊರಗೆ, ತೇವವಿಲ್ಲದ ಊರಲ್ಲಿ.

ದುಡಿ ಬಾರಿಸುತ್ತ ನಾಲ್ವರು ಹಾಡುವ ದುಡಿಕೊಟ್ಟ್ ಪಾಟ್ ರೆಕಾರ್ಡ್ ಮಾಡುವುದಾದರೆ ಮಳೆಗಾಲದಲ್ಲಿ ಬೇಡ. ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಒಲೆಯ ಹತ್ತಿರ ಕಾಯಿಸಿದರೂ ಹತ್ತು ನಿಮಿಷ. ಫೆಬ್ರವರಿ-ಮಾರ್ಚ್ ಹದ. ನಾಲ್ವರು ಹಾಡುಗಾರರಿಗೂ ಒಪ್ಪಿಗೆ ಪತ್ರ ಅವರ ನುಡಿಯಲ್ಲೇ ಓದಿ ಹೇಳಬೇಕು: ಯಾರು ಕೇಳಬಹುದು, ಯಾರು ಮಾರಬಾರದು, ಮನೆತನದ ಹಾಡಾದರೆ ಕುಟುಂಬದ ಮಾತೇನು. ಯರವ, ಕುರುಬ, ಕುಡಿಯ ಬುಡಕಟ್ಟುಗಳ ಹಾಡಿಗಳಲ್ಲಿ (ವಸತಿಗಳಲ್ಲಿ) ಇದು ಇನ್ನೂ ಮುಖ್ಯ. ಅವರ ಹಾಡು ರೆಸಾರ್ಟಿನ ಜಾಹೀರಾತಲ್ಲಿ ಕೇಳಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಮಂಜಿನೂರು:
ರೆಸಾರ್ಟ್ ಮಾತು ಬಂದದ್ದಕ್ಕೆ ಕೇಳುತ್ತೇನೆ. ಪ್ರವಾಸೋದ್ಯಮದ ಹಣವನ್ನು ಈ ಕಡೆ ತಿರುಗಿಸಲು ಸಾಧ್ಯವಿಲ್ಲವೇ? ರಾಜಾಸೀಟ್ ಉದ್ಯಾನಕ್ಕೆ ಬರುವ ಪ್ರವಾಸಿಗರಿಗೆ ಸಂಜೆ ಒಂದು ಗಂಟೆಯ ಪ್ರದರ್ಶನ?

ಪುತ್ತರಿ ಕೋಲ್:
ಸಾಧ್ಯ, ಮೂರು ಷರತ್ತಿನ ಮೇಲೆ. ವಾರಕ್ಕೆ ಎರಡೇ ದಿನ, ಅದೂ ಅಕ್ಟೋಬರ್‌ನಿಂದ ಮೇ ತನಕ. ತಂಡಗಳು ಸರದಿಯಲ್ಲಿ, ಒಂದೇ ತಂಡಕ್ಕೆ ಗುತ್ತಿಗೆ ಕೊಟ್ಟರೆ ಎರಡು ವರ್ಷದಲ್ಲಿ ಉಳಿದ ತಂಡಗಳು ಮುಚ್ಚುತ್ತವೆ. ದೇವರ ತೆರೆಯನ್ನು ಟಿಕೆಟ್ ಇಟ್ಟು ತೋರಿಸುವಂತಿಲ್ಲ. ಉಮ್ಮತ್ತಾಟನ್ನು ಆರು ನಿಮಿಷಕ್ಕೆ ಕತ್ತರಿಸಿ ಫ್ಯೂಷನ್ ಬಡಿಯುವ ಪದ್ಧತಿಯೂ ಬೇಡ. ಈ ಕಲೆಗೆ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ಅದನ್ನು ಪೂರ್ತಿ ಆಡಲು ಇಪ್ಪತ್ತು ನಿಮಿಷವನ್ನಾದರೂ ಕೊಡೋಣ.

ನಕ್ಷೆ ನೋಡುವವ:
ಬಜೆಟ್ ಸಭೆಗೆ ಹೋಗುವವರಿಗೆ: ಮನವಿ ಒಂದೇ ಪುಟ. ಮೇಲೆ 12ನೇ ಅನುಸೂಚಿಯ 13ನೇ ಬಾಬ್ತು. ಕೆಳಗೆ ನಾಲ್ಕು ಕೇಳಿಕೆ: ವಾರ್ಡ್‌ವಾರು ಸಾಂಸ್ಕೃತಿಕ ಪಟ್ಟಿಗೆ ಠರಾವು, ಇರುವ ಒಂದು ಹಾಲ್‌ನ ಛಾವಣಿ ಮೌನಗೊಳಿಸಲು ಅಂದಾಜು ಪಟ್ಟಿ, ಮಂಟಪ ಕಾರ್ಯಾಗಾರಕ್ಕೆ ಜಾಗ ಗುರುತು, ನಿರ್ವಹಣಾ ನಿಧಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯ ಕೋಣೆಯನ್ನು ಸಂಜೆ ಅಭ್ಯಾಸಕ್ಕೆ ಕೇಳುವವರು ಇಲ್ಲಿ ಸೇರಿಸಬೇಡಿ. ಅದು ಶಾಲಾಭಿವೃದ್ಧಿ ಸಮಿತಿ ಮತ್ತು ಶಿಕ್ಷಣ ಇಲಾಖೆಯ ವ್ಯಾಪ್ತಿ, ಅರ್ಜಿ ಬೇರೆ.

ಗದ್ದುಗೆ ಬೀದಿ:
ಸಾವಿರ ಆಸನವನ್ನು ಐದನೇ ಕೇಳಿಕೆಯಾಗಿ ಹಾಕಿ.

ರಂಗಪರದೆ:
ಹದಿನೈದು ಕಾರ್ಯಕ್ರಮದ ಪಟ್ಟಿ ತನ್ನಿ, ಹಾಕೋಣ.